ಸೋತಾಗಲೆಲ್ಲ ಬೈಸಿಕೊಳ್ಳುವ ಓಸಿ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಫೆನ್ಸಿವ್ ಕೋಆರ್ಡಿನೇಟರ್ ತಪ್ಪು ಎಷ್ಟು?

ಅಮೆರಿಕದಲ್ಲಿ ಫುಟ್‌ಬಾಲ್ ಸೀಸನ್ ನಡೆಯುವಾಗ ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಮೊದಲು ಆ ಓಸಿಯನ್ನ ಮನೆಗೆ ಕಳಿಸಬೇಕು." ಸಿಯಾಟಲ್, ಡಾಲಸ್, ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಹೊಸದಲ್ಲ. ಬೆಂಗಳೂರಿನಲ್ಲಿ ಕೂತು ಅಲ್ಲಿನವರ ಜೊತೆ ಕೆಲಸ ಮಾಡುವವರೂ ಮೀಟಿಂಗ್ ಶುರುವಾಗುವ ಮೊದಲ ಐದು ನಿಮಿಷ ಇದನ್ನೇ ಕೇಳಿಸಿಕೊಂಡಿರುತ್ತಾರೆ. ಮಕ್ಕಳು ಅಲ್ಲೇ ಹುಟ್ಟಿ ಬೆಳೆದಿದ್ದರೆ ಊಟಕ್ಕೆ ಕೂತಾಗಲೂ ಇದೇ ಚರ್ಚೆ.

ಓಸಿ ಅಂದರೆ ಅಫೆನ್ಸಿವ್ ಕೋಆರ್ಡಿನೇಟರ್. ಆತ ಒಂದು ಚೆಂಡನ್ನೂ ಎಸೆಯುವುದಿಲ್ಲ, ಹಿಡಿಯುವುದಿಲ್ಲ, ಓಡುವುದಿಲ್ಲ. ಆದರೂ ತಂಡ ಸೋತರೆ ಮೊದಲು ಕೆಲಸ ಹೋಗುವುದು ಹೆಚ್ಚಾಗಿ ಆತನದೇ. ಇದು ನ್ಯಾಯವೇ? ಉತ್ತರ ಬೇಕಿದ್ದರೆ ಆತನ ಕೈಯಲ್ಲಿ ಏನಿದೆ, ಏನಿಲ್ಲ ಅನ್ನುವುದು ಮೊದಲು ಗೊತ್ತಾಗಬೇಕು.

ಮೊದಲು ಆಟ

ಎರಡೂ ಕಡೆ 11 ಜನ. ಮೈದಾನದ ಉದ್ದ 100 ಯಾರ್ಡ್. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. 10 ಯಾರ್ಡ್ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು ಡೌನ್. ದಾಟದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ.

ಚೆಂಡು ಮುಂದೆ ಒಯ್ಯಲು ಎರಡು ದಾರಿ. ಒಂದು, ಚೆಂಡನ್ನು ಅಪ್ಪಿಕೊಂಡು ಓಡುವುದು. ಇನ್ನೊಂದು, ಕ್ವಾರ್ಟರ್‌ಬ್ಯಾಕ್ ಅನ್ನುವ ಆಟಗಾರ ದೂರದ ಜೊತೆಗಾರನಿಗೆ ಎಸೆಯುವುದು, ಇದಕ್ಕೆ ಪಾಸ್ ಅನ್ನುತ್ತಾರೆ. ಇಲ್ಲೊಂದು ನಿಯಮ ನೆನಪಿಡಿ, ಮುಂದೆ ಬೇಕಾಗುತ್ತದೆ. ಓಡಿದವನು ಮೈದಾನದ ಒಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ.

ಚೆಂಡು ತಮ್ಮ ಬಳಿ ಇದ್ದಾಗ ಆಡುವವರು ಅಫೆನ್ಸ್, ಎದುರಾಳಿಯನ್ನು ತಡೆಯುವವರು ಡಿಫೆನ್ಸ್. ಇವರು ಬೇರೆ ಬೇರೆ ಆಟಗಾರರು. ಅಫೆನ್ಸ್ ಆಡುವಾಗ ತಂಡದ ಡಿಫೆನ್ಸ್ ಹೊರಗೆ ಬೆಂಚಿನ ಮೇಲೆ ಕೂತಿರುತ್ತದೆ. ಎರಡಕ್ಕೂ ಒಬ್ಬೊಬ್ಬ ಕೋಆರ್ಡಿನೇಟರ್, ಇಬ್ಬರ ಮೇಲೆ ಒಬ್ಬ ಹೆಡ್ ಕೋಚ್.

40 ಸೆಕೆಂಡಿನ ಕೆಲಸ

ಓಸಿಯ ಕೆಲಸದ ಬಹುಪಾಲು ಪಂದ್ಯಕ್ಕೆ ಮೊದಲೇ ಮುಗಿದಿರುತ್ತದೆ. ವಾರವಿಡೀ ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೋ ನೋಡುವುದು, ಎಲ್ಲಿ ಸಂದು ಸಿಗುತ್ತದೆ ಅಂತ ಹುಡುಕುವುದು, ಅದಕ್ಕೆ ತಕ್ಕ ಪ್ಲೇಗಳನ್ನು ಆರಿಸಿ ಆಟಗಾರರಿಗೆ ಅಭ್ಯಾಸ ಮಾಡಿಸುವುದು. ಪ್ಲೇ ಅಂದರೆ 11 ಜನರಲ್ಲಿ ಯಾರು ಎಲ್ಲಿ ನಿಲ್ಲಬೇಕು, ಎತ್ತ ಓಡಬೇಕು, ಯಾರನ್ನು ತಡೆಯಬೇಕು ಅನ್ನುವ ಪೂರ್ತಿ ಲೆಕ್ಕ. ಪ್ರತಿಯೊಂದಕ್ಕೂ ಸಂಕೇತದ ಹೆಸರು. "ಸ್ಪೈಡರ್ 2 ವೈ ಬನಾನಾ" ಅನ್ನುವುದು ಅಂಥ ಒಂದು ಹೆಸರು. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದ ಕೋಚ್ ಬಿಲ್ ವಾಲ್ಶ್ ಕಾಲದಿಂದ ಮೊದಲ ಹದಿನೈದು, ಇಪ್ಪತ್ತು ಪ್ಲೇಗಳನ್ನು ಪಂದ್ಯಕ್ಕೆ ಮೊದಲೇ ಬರೆದಿಟ್ಟುಕೊಳ್ಳುವ ಪದ್ಧತಿಯೂ ಬೆಳೆದಿದೆ.

ಪಂದ್ಯ ಶುರುವಾದ ಮೇಲೆ ಒಂದು ಪ್ಲೇ ಮುಗಿದು ಇನ್ನೊಂದು ಶುರುವಾಗಲು ಸಿಗುವುದು 40 ಸೆಕೆಂಡ್. ಅಷ್ಟರಲ್ಲಿ ಓಸಿ ಮುಂದಿನ ಪ್ಲೇ ಆರಿಸಬೇಕು. ಅದು ರೇಡಿಯೋ ಮೂಲಕ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ಕೇಳಿಸುತ್ತದೆ. 1994ರಿಂದ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಈ ವ್ಯವಸ್ಥೆ ಇದೆ. ಇನ್ನು 15 ಸೆಕೆಂಡ್ ಇದೆ ಅನ್ನುವಾಗ ರೇಡಿಯೋ ತಾನಾಗಿ ಬಂದ್ ಆಗುತ್ತದೆ. ಆಮೇಲೆ ಕ್ವಾರ್ಟರ್‌ಬ್ಯಾಕ್ ಒಬ್ಬನೇ.

ಕ್ರಿಕೆಟ್‌ನಲ್ಲಿ ಹೀಗಿದ್ದರೆ ಹೇಗಿರುತ್ತಿತ್ತು ನೋಡಿ. ಬೌಲರ್ ಓಡಿ ಬರುವ ಮೊದಲೇ ಕೆ.ಎಲ್. ರಾಹುಲ್ ಹೆಲ್ಮೆಟ್ ಒಳಗೆ ಡ್ರೆಸಿಂಗ್ ರೂಮಿನಿಂದ ಒಂದು ದನಿ: "ಮುಂದಿನ ಬಾಲ್ ಕವರ್ ಡ್ರೈವ್." ಪ್ರತಿ ಬಾಲ್‌ಗೂ ಹೀಗೇ. ಬಂದದ್ದು ಬೌನ್ಸರ್, ರಾಹುಲ್ ಔಟ್. ತಪ್ಪು ಯಾರದು? ಹೇಳಿದವನದೇ, ಹೇಳಿದ್ದನ್ನು ಬಿಡದೆ ಆಡಲು ಹೋದವರದೇ, ಅಥವಾ ತಪ್ಪೇ ಇಲ್ಲ, ಬೌಲರ್ ಜಾಣ ಅಷ್ಟೇನಾ? ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಅರವತ್ತರ ಆಸುಪಾಸು ಸಲ ಈ ಪ್ರಶ್ನೆ ಏಳುತ್ತದೆ.

ಒಂದು ಯಾರ್ಡ್, 26 ಸೆಕೆಂಡ್

ಈ ಚರ್ಚೆಗೆ ಎಲ್ಲರೂ ಕೊಡುವ ಉದಾಹರಣೆ 2015ರ ಫೆಬ್ರವರಿ 1ರದ್ದು. ಅರಿಜೋನಾದ ಗ್ಲೆಂಡೇಲ್‌ನಲ್ಲಿ 49ನೇ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್‌ನ ಫೈನಲ್. ಸಿಯಾಟಲ್ ಸೀಹಾಕ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಸಿಯಾಟಲ್ ಓಸಿ ಡ್ಯಾರೆಲ್ ಬೆವೆಲ್, ಹೆಡ್ ಕೋಚ್ ಪೀಟ್ ಕ್ಯಾರಲ್.

ಸ್ಕೋರ್ 28-24, ಸಿಯಾಟಲ್ ಹಿಂದೆ. ಗೆಲ್ಲಲು ಟಚ್‌ಡೌನ್ ಒಂದೇ ದಾರಿ. ಮೊದಲ ಡೌನ್‌ನಲ್ಲಿ ಮಾರ್ಷಾನ್ ಲಿಂಚ್ ನಾಲ್ಕು ಯಾರ್ಡ್ ಓಡಿ ಚೆಂಡನ್ನು ಗೆರೆಯ ಹತ್ತಿರ ತಂದರು. ಇನ್ನು ಉಳಿದದ್ದು ಒಂದು ಯಾರ್ಡ್. ಲಿಂಚ್ ಆ ಕಾಲದ ಅತ್ಯಂತ ಗಟ್ಟಿ ಓಟಗಾರ. ನಾಲ್ಕು ಜನ ಮೈಮೇಲೆ ಬಿದ್ದರೂ ಎಳೆದುಕೊಂಡು ಮುಂದೆ ಹೋಗುವವರು. ಟಿವಿ ಮುಂದೆ ಕೂತಿದ್ದವರೆಲ್ಲ ಮತ್ತೆ ಅವರಿಗೇ ಚೆಂಡು ಅಂದುಕೊಂಡರು.

ಬೆವೆಲ್ ಆರಿಸಿದ್ದು ಪಾಸ್.

ಆ ಪ್ಲೇ ಹೇಗಿತ್ತು ಅನ್ನುವುದನ್ನು ನಿಧಾನವಾಗಿ ನೋಡೋಣ. ಬಲಗಡೆ ಸಿಯಾಟಲ್‌ನ ಇಬ್ಬರು ರಿಸೀವರ್‌ಗಳು (ಎಸೆದ ಚೆಂಡು ಹಿಡಿಯುವವರು) ಒಬ್ಬರ ಹಿಂದೆ ಒಬ್ಬರು. ಮುಂದೆ ಜರ್ಮೇನ್ ಕರ್ಸ್, ಹಿಂದೆ ರಿಕಾರ್ಡೊ ಲಾಕೆಟ್. ಕರ್ಸ್ ಮುನ್ನುಗ್ಗಿ ಎದುರಾಳಿಗಳಿಗೆ ಅಡ್ಡವಾಗಬೇಕು. ಅದೇ ಹೊತ್ತಿಗೆ ಲಾಕೆಟ್ ಓರೆಯಾಗಿ ಮಧ್ಯಕ್ಕೆ ನುಗ್ಗಬೇಕು. ಹೀಗೆ ಓರೆಯಾಗಿ ಒಳಗೆ ಓಡುವುದಕ್ಕೆ ಸ್ಲ್ಯಾಂಟ್ ಅನ್ನುತ್ತಾರೆ. ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ತಕ್ಷಣ ಎಸೆಯಬೇಕು. ಎಲ್ಲ ಒಂದೆರಡು ಸೆಕೆಂಡಿನ ಕೆಲಸ.

ಕರ್ಸ್ ಎದುರಿಗಿದ್ದವರು ಬ್ರ್ಯಾಂಡನ್ ಬ್ರೌನರ್. ಅವರು ಅದಕ್ಕೆ ಹಿಂದಿನ ಸೀಸನ್‌ವರೆಗೆ ಸಿಯಾಟಲ್ ಪರವೇ ಆಡಿದ್ದವರು. ಕರ್ಸ್‌ರನ್ನು ನಿಂತಲ್ಲೇ ತಳ್ಳಿ ಹಿಡಿದುಬಿಟ್ಟರು. ಅಡ್ಡ ಬರಬೇಕಾದವರು ಅಡ್ಡ ಬರಲೇ ಇಲ್ಲ. ಹಿಂದೆ ನಿಂತಿದ್ದ ಮ್ಯಾಲ್ಕಮ್ ಬಟ್ಲರ್‌ಗೆ ದಾರಿ ಖಾಲಿ. ಬಟ್ಲರ್ ಆ ವರ್ಷವಷ್ಟೇ ಬಂದಿದ್ದ ಹುಡುಗ, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಆ ವಾರದ ಅಭ್ಯಾಸದಲ್ಲಿ ಇದೇ ಪ್ಲೇಗೆ ಮೋಸ ಹೋಗಿದ್ದರು. ಈ ಸಲ ಗುರುತು ಹಿಡಿದರು. ಲಾಕೆಟ್‌ಗಿಂತ ಮೊದಲು ಚೆಂಡು ಬೀಳುವ ಜಾಗಕ್ಕೆ ಹೋಗಿ ಹಿಡಿದೇಬಿಟ್ಟರು. ಗಡಿಯಾರದಲ್ಲಿ 20 ಸೆಕೆಂಡ್. ಪಂದ್ಯ ಅಲ್ಲಿಗೆ ಮುಗಿಯಿತು.

ಪಾಸ್ ಯಾಕೆ?

ಇದನ್ನು ಸೂಪರ್ ಬೌಲ್ ಇತಿಹಾಸದ ಅತಿ ಕೆಟ್ಟ ನಿರ್ಧಾರ ಅಂತ ಅವತ್ತೇ ಎಷ್ಟೋ ಜನ ತೀರ್ಪು ಕೊಟ್ಟರು. ಗಡಿಯಾರ ನೋಡಿದರೆ ವಿಷಯ ಅಷ್ಟು ಸುಲಭ ಅಲ್ಲ.

ಪ್ಲೇ ಶುರುವಾದಾಗ ಉಳಿದಿದ್ದು 26 ಸೆಕೆಂಡ್. ಗಡಿಯಾರ ನಿಲ್ಲಿಸಲು ಕೈಯಲ್ಲಿದ್ದದ್ದು ಒಂದೇ ಟೈಮ್‌ಔಟ್. ಡೌನ್ ಮಾತ್ರ ಮೂರಿದ್ದವು. ಎರಡನೇ ಡೌನ್‌ನಲ್ಲಿ ಲಿಂಚ್ ಓಡಿ, ತಡೆದುಬಿಟ್ಟರು ಅಂದುಕೊಳ್ಳಿ. ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಖರ್ಚು. ಮೂರನೇ ಡೌನ್‌ನಲ್ಲೂ ಓಡಿ ತಡೆದರೆ? ಟೈಮ್‌ಔಟ್ ಇಲ್ಲ, ಗಡಿಯಾರ ಓಡುತ್ತಿದೆ, ರಾಶಿ ಬಿದ್ದವರು ಎದ್ದು ನಿಲ್ಲುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅಂದರೆ ಮೂರು ಡೌನ್ ಅನ್ನೂ ನೆಮ್ಮದಿಯಾಗಿ ಬಳಸಬೇಕಿದ್ದರೆ ಅದರಲ್ಲಿ ಒಂದಾದರೂ ಪಾಸ್ ಆಗಲೇಬೇಕಿತ್ತು. ಅದನ್ನು ಎರಡನೆಯದರಲ್ಲಿ ಆಡುವುದೋ ಮೂರನೆಯದರಲ್ಲೋ ಅನ್ನುವುದಷ್ಟೇ ಪ್ರಶ್ನೆ. ಮೂರನೆಯದಕ್ಕೆ ಇಟ್ಟುಕೊಂಡರೆ ಎದುರಾಳಿಗೆ ಅದು ಪಾಸ್ ಅಂತ ಗೊತ್ತಾಗಿಬಿಡುತ್ತದೆ. ಎರಡನೆಯದರಲ್ಲೇ ಎಸೆದು ಚೆಂಡು ನೆಲಕ್ಕೆ ಬಿದ್ದರೂ ಗಡಿಯಾರ ನಿಲ್ಲುತ್ತದೆ, ಟೈಮ್‌ಔಟ್ ಉಳಿಯುತ್ತದೆ, ಆಮೇಲೆ ಲಿಂಚ್‌ಗೆ ಎರಡು ಅವಕಾಶ. ಜೊತೆಗೆ ನ್ಯೂ ಇಂಗ್ಲೆಂಡ್ ಆಗ ಓಟ ತಡೆಯಲೆಂದೇ ದಪ್ಪ ದಪ್ಪ ಆಟಗಾರರನ್ನು ಇಳಿಸಿತ್ತು.

ಅಂಕಿ ಅಂಶವೂ ಪಾಸ್‌ಗೆ ವಿರುದ್ಧ ಇರಲಿಲ್ಲ. ಆ ಸೀಸನ್‌ನಲ್ಲಿ ಅಲ್ಲಿಯವರೆಗೆ ಲೀಗ್‌ನ ಎಲ್ಲ ತಂಡ ಸೇರಿ ಒಂದು ಯಾರ್ಡ್ ಗೆರೆಯಿಂದ 108 ಸಲ ಪಾಸ್ ಎಸೆದಿದ್ದವು. 66 ಟಚ್‌ಡೌನ್. ಎದುರಾಳಿ ಕೈಗೆ ಸಿಕ್ಕಿದ್ದು ಒಂದೂ ಇಲ್ಲ. ಲಿಂಚ್ ಆ ವರ್ಷದ ಲೀಗ್ ಪಂದ್ಯಗಳಲ್ಲಿ ಅದೇ ದೂರದಿಂದ 5 ಸಲ ಓಡಿ ಒಂದೇ ಸಲ ಗೆರೆ ದಾಟಿದ್ದರು. ಐದು ಸಲ ಅನ್ನುವುದು ತುಂಬ ಸಣ್ಣ ಲೆಕ್ಕ, ನಿಜ. ಆದರೂ "ಲಿಂಚ್‌ಗೆ ಕೊಟ್ಟಿದ್ದರೆ ಗೆಲುವು ಗ್ಯಾರಂಟಿ" ಅನ್ನುವುದಕ್ಕೆ ಆಧಾರ ಇಲ್ಲ.

ಹಾಗಾದರೆ ಬೆವೆಲ್ ಪಾಲು ಯಾವುದು?

ಇಲ್ಲಿ ಎರಡು ನಿರ್ಧಾರಗಳಿವೆ, ಜನ ಎರಡನ್ನೂ ಒಂದೇ ಮಾಡಿ ಬೈಯುತ್ತಾರೆ. "ಎರಡನೇ ಡೌನ್‌ನಲ್ಲಿ ಎಸೆಯೋಣ" ಅನ್ನುವುದು ಒಂದು. "ಇಂಥ ಪಾಸ್, ಇಂಥವರಿಗೆ ಎಸೆಯೋಣ" ಅನ್ನುವುದು ಇನ್ನೊಂದು. ಮೊದಲನೆಯದನ್ನು ಕ್ಯಾರಲ್ ಬಹಿರಂಗವಾಗಿಯೇ ತಮ್ಮ ತಲೆಮೇಲೆ ಹಾಕಿಕೊಂಡರು. ಮೇಲಿನ ಲೆಕ್ಕ ನೋಡಿದರೆ ಅದನ್ನು ಸಮರ್ಥಿಸಲೂಬಹುದು. ಎರಡನೆಯದು ಬೆವೆಲ್ ಅವರದೇ. ನನ್ನ ಪ್ರಕಾರ ನಿಜವಾದ ತಪ್ಪು ಇಲ್ಲಿದೆ. ಹಾಗೆ ಎಸೆದ ಚೆಂಡು ತಪ್ಪಿದರೆ ನೆಲಕ್ಕೇ ಬೀಳಬೇಕು, ಬೇರೆ ಎಲ್ಲೂ ಅಲ್ಲ. ಅಂಥ ಹೊತ್ತಲ್ಲಿ ಮೈದಾನದ ಮೂಲೆಗೆ, ತಮ್ಮವರಿಗೆ ಬಿಟ್ಟು ಬೇರೆ ಯಾರಿಗೂ ಎಟುಕದ ಕಡೆ ಎಸೆಯುವ ಪ್ಲೇ ಇರುತ್ತದೆ. ಬೆವೆಲ್ ಆರಿಸಿದ್ದು ಜನ ಕಿಕ್ಕಿರಿದ ಮಧ್ಯಕ್ಕೆ ಹೋಗುವ ಸ್ಲ್ಯಾಂಟ್. ಅದೂ ತಂಡದ ಮುಖ್ಯ ರಿಸೀವರ್‌ಗಳಲ್ಲಿ ಒಬ್ಬರಲ್ಲದ ಲಾಕೆಟ್‌ಗೆ. ಪಂದ್ಯದ ನಂತರ ಬೆವೆಲ್, ಲಾಕೆಟ್ ಇನ್ನೂ ಗಟ್ಟಿಯಾಗಿ ಚೆಂಡಿಗೆ ಹೋಗಬಹುದಿತ್ತು ಅನ್ನುವ ಅರ್ಥದ ಮಾತಾಡಿದರು. ಅದು ಆಡಬಾರದಿದ್ದ ಮಾತು, ಬೈಗುಳ ದುಪ್ಪಟ್ಟಾಯಿತು.

ಉಳಿದ ಪಾಲು ಹಂಚಿಹೋಗುತ್ತದೆ. ಕರ್ಸ್ ಬ್ರೌನರ್‌ರನ್ನು ದಾಟಲಾಗಲಿಲ್ಲ. ವಿಲ್ಸನ್ ಚೆಂಡನ್ನು ಲಾಕೆಟ್ ಮೈಗೆ ಎಸೆಯದೆ ಸ್ವಲ್ಪ ಮುಂದಕ್ಕೆ ಎಸೆದರು. ಎರಡು ಟೈಮ್‌ಔಟ್ ಮೊದಲೇ ಖರ್ಚಾಗಿಹೋಗಿದ್ದವು, ಅವು ಇದ್ದಿದ್ದರೆ ಈ ಇಕ್ಕಟ್ಟೇ ಬರುತ್ತಿರಲಿಲ್ಲ. ಕೊನೆಯ ಕ್ವಾರ್ಟರ್ (ಪಂದ್ಯದ ನಾಲ್ಕನೇ ಭಾಗ) ಶುರುವಾದಾಗ ಸಿಯಾಟಲ್ 24-14ರಲ್ಲಿ ಮುಂದಿತ್ತು. ಆ ಹತ್ತು ಅಂಕದ ಮುನ್ನಡೆಯನ್ನು ನ್ಯೂ ಇಂಗ್ಲೆಂಡ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಎದುರು ಕಳೆದುಕೊಂಡದ್ದು ಸಿಯಾಟಲ್‌ನ ಡಿಫೆನ್ಸ್. ಅದಕ್ಕೂ ಬೆವೆಲ್‌ಗೂ ಸಂಬಂಧವಿಲ್ಲ. ಇಷ್ಟೆಲ್ಲ ಆದಮೇಲೂ ಬಟ್ಲರ್ ಅರ್ಧ ಸೆಕೆಂಡ್ ತಡ ಮಾಡಿದ್ದರೆ ಅದು ಟಚ್‌ಡೌನ್. ಆಗ ಇದೇ ಪ್ಲೇಯನ್ನು ಎಲ್ಲರೂ ಜಾಣತನ ಅನ್ನುತ್ತಿದ್ದರು, ಅಲ್ವಾ?

ಸಿಯಾಟಲ್ ತಂಡ ಬೆವೆಲ್‌ರನ್ನು ಆ ಪ್ಲೇಗಾಗಿ ತೆಗೆಯಲಿಲ್ಲ. ಇನ್ನೂ ಮೂರು ಸೀಸನ್ ಅವರೇ ಇದ್ದರು. ತೆಗೆದದ್ದು 2018ರ ಜನವರಿಯಲ್ಲಿ.

ಅಟ್ಲಾಂಟಾದ ಕಥೆ ಬೇರೆ

ಎರಡು ವರ್ಷದ ನಂತರ, 2017ರ ಫೆಬ್ರವರಿ 5ರಂದು 51ನೇ ಸೂಪರ್ ಬೌಲ್. ಅಟ್ಲಾಂಟಾ ಫಾಲ್ಕನ್ಸ್ ಮೂರನೇ ಕ್ವಾರ್ಟರ್‌ನಲ್ಲಿ 28-3 ಮುಂದಿತ್ತು. ಕೊನೆಗೆ 34-28ಕ್ಕೆ ಸೋತಿತು. ಓಸಿ ಕೈಲ್ ಶಾನಹಾನ್. ಇಲ್ಲಿ ದೂರು ಒಂದು ಪ್ಲೇ ಬಗ್ಗೆ ಅಲ್ಲ.

28-20 ಆಗಿದ್ದಾಗ, ಐದು ನಿಮಿಷಕ್ಕಿಂತ ಕಡಿಮೆ ಇದ್ದಾಗ, ಅಟ್ಲಾಂಟಾ ಎದುರಾಳಿಯ 22 ಯಾರ್ಡ್ ಗೆರೆಯಲ್ಲಿತ್ತು. ಸುಮ್ನೆ ಮೂರು ಸಲ ಓಡಿ, ಸಮಯ ಕಳೆದು, ಗೋಲ್ ಕಂಬಗಳ ನಡುವೆ ಚೆಂಡು ಒದ್ದಿದ್ದರೆ 3 ಅಂಕ. 31-20 ಆದರೆ ಎದುರಾಳಿ ಎರಡು ಸಲ ಸ್ಕೋರ್ ಮಾಡಬೇಕು. ಒಂದು ಸಲ ಓಡಿದರು, ಒಂದು ಯಾರ್ಡ್ ನಷ್ಟ. ಎರಡನೇ ಡೌನ್‌ಗೆ ಶಾನಹಾನ್ ಪಾಸ್ ಆರಿಸಿದರು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಎಸೆಯುವ ಮೊದಲೇ ಎದುರಾಳಿಯ ಟ್ರೇ ಫ್ಲವರ್ಸ್ ಅವರನ್ನು ಕೆಡವಿದರು, 12 ಯಾರ್ಡ್ ನಷ್ಟ. ಮುಂದಿನದರಲ್ಲಿ ಅಟ್ಲಾಂಟಾ ಆಟಗಾರ ಎದುರಾಳಿಯನ್ನು ತಪ್ಪಾಗಿ ಹಿಡಿದದ್ದಕ್ಕೆ ಇನ್ನೂ 10 ಯಾರ್ಡ್ ದಂಡ. ಒದೆಯುವ ದೂರ ಕೈತಪ್ಪಿತು.

ಇಲ್ಲಿ ಶಾನಹಾನ್ ಪಾಲು ಬೆವೆಲ್ ಪಾಲಿಗಿಂತ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಬೆವೆಲ್ ಎದುರು ಗಡಿಯಾರ ಶತ್ರುವಾಗಿತ್ತು. ಶಾನಹಾನ್‌ಗೆ ಗಡಿಯಾರವೇ ಸ್ನೇಹಿತ. ಅದನ್ನು ಬಳಸಿಕೊಳ್ಳಲಿಲ್ಲ. ಪ್ಲೇ ಹೇಳುವುದೂ ತಡವಾಗುತ್ತಿತ್ತು, ರೇಡಿಯೋ ಬಂದ್ ಆಗುವ ಹೊತ್ತಿಗೆ ಬಂದರೆ ಬದಲಾಯಿಸಲು ಸಮಯವೇ ಇರುತ್ತಿರಲಿಲ್ಲ ಅನ್ನುವ ಅರ್ಥದಲ್ಲಿ ರಯಾನ್ ಆಮೇಲೆ ಮಾತಾಡಿದ್ದಾರೆ. ಹಾಗಂತ ರಯಾನ್ ಚೆಂಡನ್ನು ಹೊರಗೆ ಎಸೆದು ಆ 12 ಯಾರ್ಡ್ ಉಳಿಸಬಹುದಿತ್ತು, ಅದೂ ನಿಜ. ಇನ್ನೊಂದು ಮರೆಯಬಾರದು: ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು, 540 ಅಂಕ ಗಳಿಸಿದ್ದು ಇದೇ ಶಾನಹಾನ್ ನಡೆಸಿದ ಅಫೆನ್ಸ್. ಸೋತ ಮರುದಿನವೇ ಸ್ಯಾನ್ ಫ್ರಾನ್ಸಿಸ್ಕೊ ಅವರನ್ನು ಹೆಡ್ ಕೋಚ್ ಮಾಡಿತು.

ಆತನ ಕೈಯಲ್ಲಿ ಇಲ್ಲದ್ದು

ಓಸಿ ಆಟಗಾರರನ್ನು ಆರಿಸುವುದಿಲ್ಲ. ಅದು ಜನರಲ್ ಮ್ಯಾನೇಜರ್ ಕೆಲಸ. ಕ್ವಾರ್ಟರ್‌ಬ್ಯಾಕ್ ಎದುರು ಗೋಡೆಯ ಹಾಗೆ ನಿಲ್ಲುವ ಐದು ಜನರನ್ನು ಅಫೆನ್ಸಿವ್ ಲೈನ್ ಅನ್ನುತ್ತಾರೆ. ಆ ಗೋಡೆ ಎರಡು ಸೆಕೆಂಡಿಗೆ ಕುಸಿದರೆ ಮೂರು ಸೆಕೆಂಡ್ ಬೇಕಾದ ಯಾವ ಪ್ಲೇಯೂ ನಡೆಯುವುದಿಲ್ಲ. ಟಿವಿಯಲ್ಲಿ ನಮಗೆ ಕಾಣುವುದು ಕ್ವಾರ್ಟರ್‌ಬ್ಯಾಕ್ ಕಕ್ಕಾಬಿಕ್ಕಿಯಾಗಿ ಓಡುವುದು ಮಾತ್ರ.

ಇನ್ನು ಕೆಲವು ತಂಡಗಳಲ್ಲಿ ಓಸಿ ಅನ್ನುವ ಹುದ್ದೆ ಇದ್ದರೂ ಪ್ಲೇ ಆರಿಸುವುದು ಹೆಡ್ ಕೋಚ್. ಕ್ಯಾನ್ಸಸ್ ಸಿಟಿಯಲ್ಲಿ ಆಂಡಿ ರೀಡ್ ಹಾಗೆ. ಅಲ್ಲಿ 2018ರಿಂದ 2022ರವರೆಗೆ ಓಸಿ ಆಗಿದ್ದವರು ಎರಿಕ್ ಬಿಯೆನಮಿ. ಆ ಅವಧಿಯಲ್ಲಿ ತಂಡ ಎರಡು ಸೂಪರ್ ಬೌಲ್ ಗೆದ್ದಿತು. ಆದರೂ ಎಷ್ಟು ಸಂದರ್ಶನ ಕೊಟ್ಟರೂ ಬಿಯೆನಮಿಗೆ ಹೆಡ್ ಕೋಚ್ ಹುದ್ದೆ ಸಿಗಲಿಲ್ಲ. "ಪ್ಲೇ ಆರಿಸೋದು ರೀಡ್ ತಾನೆ" ಅನ್ನುವುದು ಪದೇ ಪದೇ ಕೇಳಿಬಂದ ಕಾರಣ. ಗೆದ್ದಾಗ ಶ್ರೇಯ ಹಂಚುವಾಗ ಇಷ್ಟು ಲೆಕ್ಕ ಹಾಕುವವರು ಸೋತಾಗಲೂ ಅಷ್ಟೇ ಲೆಕ್ಕ ಹಾಕಬೇಕಲ್ವಾ?

ನಿಜವಾಗಿ ಆತನ ತಪ್ಪು ಅನ್ನುವುದು ಹೇಗೆ ಕಾಣುತ್ತದೆ

ಒಂದು ಪ್ಲೇ ನೋಡಿ ಹೇಳಲು ಆಗುವುದಿಲ್ಲ. ನಾಲ್ಕೈದು ವಾರ ನೋಡಬೇಕು. ಮೊದಲ ಡೌನ್ ಅಂದರೆ ಓಟ, ಮೂರನೆಯದು ಅಂದರೆ ಪಾಸ್ ಅಂತ ನಿಮಗೇ ಮೊದಲೇ ಗೊತ್ತಾಗುತ್ತಿದ್ದರೆ ಎದುರಾಳಿಗೂ ಗೊತ್ತಾಗುತ್ತಿದೆ ಅಂತ ಅರ್ಥ. ಪ್ಲೇ ತಡವಾಗಿ ಬಂದು 40 ಸೆಕೆಂಡ್ ಮೀರಿ ದಂಡ ಬೀಳುವುದು, ಇಲ್ಲವೇ ಅದನ್ನು ತಪ್ಪಿಸಲು ಟೈಮ್‌ಔಟ್ ಸುರಿಯುವುದು ಪದೇ ಪದೇ ಆಗುತ್ತಿದ್ದರೆ ಅದೂ ಹೆಚ್ಚಾಗಿ ಆತನ ಲೆಕ್ಕಕ್ಕೇ. ಇರುವ ಆಟಗಾರರಿಗೆ ಒಗ್ಗದ ಪ್ಲೇಗಳನ್ನು ಹಟ ಹಿಡಿದು ಆಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬರೆದಿಟ್ಟ ಮೊದಲ ಪ್ಲೇಗಳು ಚೆನ್ನಾಗಿ ನಡೆದು ಆಮೇಲೆ ಅಫೆನ್ಸ್ ಒಣಗಿಹೋಗುತ್ತಿದ್ದರೆ, ಎದುರಾಳಿ ಬದಲಾದ ಹಾಗೆ ಆತ ಬದಲಾಗುತ್ತಿಲ್ಲ.

ರಿಸೀವರ್ ಕೈಯಿಂದ ಚೆಂಡು ಜಾರಿದರೆ, ಲೈನ್ ಕುಸಿದರೆ, ಎದುರಿಗೆ ಯಾರೂ ಅಡ್ಡ ಇಲ್ಲದ ಜೊತೆಗಾರನನ್ನು ಕ್ವಾರ್ಟರ್‌ಬ್ಯಾಕ್ ನೋಡದೇ ಹೋದರೆ, ಆ ಪ್ಲೇ ಆರಿಸಿದವನ ಕೆಲಸ ಸರಿಯಾಗಿಯೇ ನಡೆದಿದೆ.

ತೆಗೆದುಹಾಕಿದರೆ ಏನಾಗುತ್ತದೆ?

2023ರ ನವೆಂಬರ್‌ನಲ್ಲಿ ಒಂದು ವಾರದ ಅಂತರದಲ್ಲಿ ಇಬ್ಬರು ಓಸಿಗಳ ಕೆಲಸ ಹೋಯಿತು. ಮೊದಲು ಬಫಲೋ ಬಿಲ್ಸ್‌ನ ಕೆನ್ ಡಾರ್ಸಿ. ಡೆನ್ವರ್ ಎದುರು 24-22ಕ್ಕೆ ಸೋತ ಮರುದಿನ. ಆ ಪಂದ್ಯದಲ್ಲಿ ಬಫಲೋ ಆಟಗಾರರು ನಾಲ್ಕು ಸಲ ಚೆಂಡು ಕಳೆದುಕೊಂಡಿದ್ದರು. ಕೊನೆಯಲ್ಲಿ ಡೆನ್ವರ್ ಒದೆತ ಗುರಿ ತಪ್ಪಿತ್ತು ಕೂಡ. ಆದರೆ ಬಫಲೋ ಕಡೆ ಮೈದಾನದಲ್ಲಿ 11ರ ಬದಲು 12 ಜನ ಇದ್ದರು. ದಂಡ ಬಿತ್ತು, ಮತ್ತೆ ಒದ್ದರು, ಈ ಸಲ ಒಳಗೆ. ಆ 12ನೇ ಮನುಷ್ಯನಿಗೂ ಡಾರ್ಸಿಗೂ ಏನೇನೂ ಸಂಬಂಧವಿಲ್ಲ. ಅವರ ಜಾಗಕ್ಕೆ ಜೋ ಬ್ರೇಡಿ ಬಂದ ಮೇಲೆ ತಂಡ ಉಳಿದ ಏಳು ಲೀಗ್ ಪಂದ್ಯಗಳಲ್ಲಿ ಆರು ಗೆದ್ದಿತು. ಬದಲಾವಣೆ ಫಲ ಕೊಟ್ಟಿತು ಅನ್ನಬಹುದು. ಅದರಲ್ಲೂ ಕ್ಯಾನ್ಸಸ್ ಸಿಟಿ ಎದುರಿನ 20-17ರ ಗೆಲುವು ಉಳಿದದ್ದು, ಎದುರಾಳಿ ಆಟಗಾರನೊಬ್ಬ ಗೆರೆಗಿಂತ ಮುಂದೆ ನಿಂತಿದ್ದಕ್ಕೆ ಅವರ ಟಚ್‌ಡೌನ್ ರದ್ದಾದದ್ದರಿಂದ.

ಇನ್ನೊಬ್ಬರು ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮ್ಯಾಟ್ ಕೆನಡಾ. ಅವರನ್ನು ತೆಗೆಯಿರಿ ಅಂತ ಅಭಿಮಾನಿಗಳು ಸ್ಟೇಡಿಯಂನಲ್ಲೇ ಘೋಷಣೆ ಕೂಗುತ್ತಿದ್ದರು. ಅವರು ಹೋದ ಮೊದಲ ಪಂದ್ಯದಲ್ಲೇ ತಂಡ 421 ಯಾರ್ಡ್ ಗಳಿಸಿತು. ಅದಕ್ಕೆ ಮೊದಲು 58 ಪಂದ್ಯಗಳಲ್ಲಿ ಒಂದು ಸಲವೂ 400 ದಾಟಿರಲಿಲ್ಲ. ಕೆನಡಾ ಪಾಲು ದೊಡ್ಡದೇ ಇತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ. ಆದರೆ ಅಷ್ಟು ಯಾರ್ಡ್‌ಗೆ ಸಿಕ್ಕ ಅಂಕ 16 ಮಾತ್ರ. ಮುಂದಿನ ಎರಡು ಪಂದ್ಯ ತವರಲ್ಲೇ ಸೋತರು, ಅದೂ ಆ ಹೊತ್ತಿಗೆ ತಲಾ ಎರಡೇ ಪಂದ್ಯ ಗೆದ್ದಿದ್ದ ಅರಿಜೋನಾ ಮತ್ತು ನ್ಯೂ ಇಂಗ್ಲೆಂಡ್ ಎದುರು. ನಡುವೆ ಕ್ವಾರ್ಟರ್‌ಬ್ಯಾಕ್ ಕೆನಿ ಪಿಕೆಟ್ ಗಾಯಗೊಂಡಿದ್ದರು. ಬದಲಿ ಆಟಗಾರನಿಂದಲೂ ಆಗಲಿಲ್ಲ. ಕೊನೆಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಮೇಸನ್ ರುಡಾಲ್ಫ್‌ಗೆ ಅವಕಾಶ ಸಿಕ್ಕಿತು. ಕೆನಡಾ ಹೋದ ಮೇಲೆ ಪ್ಲೇ ಆರಿಸುತ್ತಿದ್ದವರೇ ಆಗಲೂ ಆರಿಸುತ್ತಿದ್ದರು, ಬದಲಾದದ್ದು ಚೆಂಡು ಎಸೆಯುವ ಕೈ. ತಂಡ ಒಂದರ ಹಿಂದೆ ಒಂದು ಮೂರು ಪಂದ್ಯ ಗೆದ್ದಿತು. ಮೊದಲ ಎರಡರಲ್ಲಿ ಅಂಕ 34 ಮತ್ತು 30.